ಕಣ್ಣು ಮುಚ್ಚಿಕೊಂಡು ಪ್ರಾಗ್ ಸುತ್ತಿದವರು

ಯಾರ ಮನೆಗೆ ಹೋದರೂ ಅವರು ಬಾಗಿಲಲ್ಲೇ ಒಂದು ಕ್ಷಣ ನಿಂತು, "ಏನಾದ್ರೂ ಸುಡ್ತಿದೆಯಾ?" ಎಂದು ಕೇಳುತ್ತಿದ್ದರು. ಹೊಸಬರು ಗಾಬರಿಯಿಂದ ಒಲೆಯ ಕಡೆ ಓಡುತ್ತಿದ್ದರು. ಗೊತ್ತಿದ್ದ ನಾವು, "ಇಲ್ಲ ಸರ್, ಏನಿಲ್ಲ, ಬನ್ನಿ" ಎನ್ನುತ್ತಿದ್ದೆವು. ಆಮೇಲೆ ಅವರು ಶೂ ಬಿಚ್ಚುತ್ತಿದ್ದರು. ಮೂಗು ಹೋದವರಿಗೆ ಮೂಗು ಸುಮ್ಮನಿರುವುದಿಲ್ಲ ಎಂದು ನನಗೆ ತಿಳಿದದ್ದು ಅವರಿಂದ. ಎದುರಿಗಿರುವ ವಾಸನೆ ಬರುವುದಿಲ್ಲ. ಎಲ್ಲೂ ಇಲ್ಲದ್ದು ಬರುತ್ತದೆ. ಅವರಿಗೆ ರಬ್ಬರು ಸುಟ್ಟ ವಾಸನೆ ಬರುತ್ತಿತ್ತು. ಕೆಲವು ದಿನ, ಆಗಷ್ಟೇ ಆರಿಸಿದ ದೀಪದ ಬತ್ತಿಯ ವಾಸನೆ.

ಈ ಜನವರಿಯಲ್ಲಿ ಅವರು ಅಮೆರಿಕದ ಕೊಲಂಬಿಯಾ ಎಂಬ ಊರಿನ ತಮ್ಮ ಮನೆಯಲ್ಲಿ ನಿದ್ದೆಯಲ್ಲೇ ಹೋದರು. ಹೆಸರು ಬರೆಯುವುದಿಲ್ಲ. ನಾನು ಅವರನ್ನು ಹೆಸರಿನಿಂದ ಕರೆದವಳೂ ಅಲ್ಲ. ನನಗೆ ಅವರು "ಸರ್," ನಮ್ಮ ಮನೆಯವರಿಗೆ "ಡಾಕ್ಟ್ರೇ." ರಾಕ್‌ವಿಲ್‌ನಲ್ಲಿ ಆಹಾರ ಪದಾರ್ಥಗಳನ್ನು ಪರೀಕ್ಷೆ ಮಾಡುವ ಒಂದು ಲ್ಯಾಬಿನಲ್ಲಿ ಹದಿನೇಳು ವರ್ಷ ಜೊತೆಗೆ ಕೆಲಸ ಮಾಡಿದೆವು. ಅವರು ಒಳಗೆ ಸೂಕ್ಷ್ಮಜೀವಿಗಳನ್ನು ನೋಡುವ ವಿಜ್ಞಾನಿ. ನಾನು ಮುಂದಿನ ಕೋಣೆಯಲ್ಲಿ ಸ್ಯಾಂಪಲ್ ತೆಗೆದುಕೊಂಡು, ಚೀಟಿ ಅಂಟಿಸಿ, ಬಂದ ದಿನ, ಬಂದ ಗಂಟೆ, ಚೀಲ ಹೇಗಿತ್ತು ಎಂಬುದನ್ನೆಲ್ಲ ಬರೆದಿಡುವವಳು. ಈಗಲೂ ಅದೇ ಕೆಲಸದಲ್ಲಿದ್ದೇನೆ.

ಚೀಲದ ಟೇಪನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿ ನೋಡುವುದು ಅವರ ಅಭ್ಯಾಸ. ಒಂದು ಮೂಲೆ ಎದ್ದಿದ್ದರೂ ಸ್ಯಾಂಪಲ್ ವಾಪಸ್. ಅದು ವಿಮಾನದಲ್ಲಿ ಟೆಕ್ಸಸ್‌ನಿಂದ ಬಂದಿರಲಿ, ಕಳಿಸಿದವರು ಫೋನಿನಲ್ಲಿ ಗೋಗರೆಯಲಿ, ಅವರದ್ದು ಒಂದೇ ಮಾತು: "ಒಂದ್ಸಲ ತೆಗೆದಿದ್ದಾರೆ ಅಂದ್ರೆ ಒಳಗಿರೋದು ಅದಲ್ಲ, ಬೇರೆ."

ಬೆಳಿಗ್ಗೆ ಬಂದ ಕೂಡಲೇ ಅವರು ಮೊದಲು ಮಾಡುತ್ತಿದ್ದುದು ಕಂಟ್ರೋಲ್ ಪರೀಕ್ಷೆ. ಕಂಟ್ರೋಲ್ ಎಂದರೆ ಉತ್ತರ ಮೊದಲೇ ಗೊತ್ತಿರುವ ಸ್ಯಾಂಪಲ್. ಯಂತ್ರ ಅದಕ್ಕೆ ಸರಿಯಾದ ಉತ್ತರ ಕೊಟ್ಟರೆ ಮಾತ್ರ ಆವತ್ತು ಅದನ್ನು ನಂಬಿ ಗೊತ್ತಿಲ್ಲದ ಸ್ಯಾಂಪಲ್‌ಗೆ ಕೈ ಹಾಕಬಹುದು. ಯಂತ್ರ ತಪ್ಪಿದ ದಿನ ಅವರು ಕೈಕಟ್ಟಿ ಕೂರುತ್ತಿದ್ದರು. ಹೊಸ ಮ್ಯಾನೇಜರ್ ಒಬ್ಬರು ಅವಸರ ಮಾಡಿದಾಗ, "ನನ್ನ ಥರ್ಮಾಮೀಟರೇ ಕೆಟ್ಟಿದೆ, ನಿಮ್ಗೆ ಜ್ವರ ಇದೆ ಅಂತ ಹೇಗೆ ಹೇಳ್ಲಿ?" ಎಂದು ಇಂಗ್ಲಿಷಿನಲ್ಲಿ ಹೇಳಿ, ನನಗೆ ಕನ್ನಡದಲ್ಲಿ ಕಣ್ಣು ಹೊಡೆದಿದ್ದರು. ಕಣ್ಣು ಹೊಡೆಯುವುದರಲ್ಲಿ ಭಾಷೆ ಏನು ಬಂತು ಎನ್ನಬೇಡಿ. ಅವರು ಹಾಗೆ ಮಾಡಿದಾಗ ಅದು ಮೈಸೂರಿನದೇ ಆಗಿರುತ್ತಿತ್ತು.

2020ರ ಏಪ್ರಿಲ್‌ನಲ್ಲಿ ಸರ್‌ಗೂ ಅವರ ಹೆಂಡತಿಗೂ ಕೊರೊನಾ ಸೋಂಕು ತಗಲಿತು. ಹೆಂಡತಿಯನ್ನು ಆಂಬುಲೆನ್ಸ್‌ನಲ್ಲಿ ಕರೆದುಕೊಂಡು ಹೋದರು. ಆಕೆ ಶಾಲು ಹೊದ್ದುಕೊಂಡು ಹೋದರು; ದಿನವೂ ಹಾಕುತ್ತಿದ್ದ ಬೂದು ಬಣ್ಣದ ಸ್ವೆಟರ್ ಊಟದ ಮೇಜಿನ ಕುರ್ಚಿಯ ಬೆನ್ನಿಗೆ ನೇತುಬಿದ್ದಿತ್ತು. ಆಕೆ ವಾಪಸ್ ಬರಲಿಲ್ಲ. ಒಬ್ಬಳೇ ಮಗಳು ಜಾರ್ಜಿಯಾದ ಡುಲುತ್‌ನಲ್ಲಿ ಸಿಕ್ಕಿಹಾಕಿಕೊಂಡಿದ್ದಳು. ತಾಯಿಯನ್ನು ಕೊನೆಯ ಸಲ ಫೋನಿನ ಪರದೆಯಲ್ಲಿ ನೋಡಿದಳು. ನಾವೆಲ್ಲ ಅಡುಗೆ ಮಾಡಿ ಸರ್ ಮನೆಯ ಮೆಟ್ಟಿಲ ಮೇಲಿಟ್ಟು, ಕಾರಿನಲ್ಲಿ ಕೂತು ಕೈ ಬೀಸಿ ಬರುತ್ತಿದ್ದೆವು.

ಒಂದು ವಾರದ ಮೇಲೆ ಅವರು ಆ ಸ್ವೆಟರನ್ನು ಎತ್ತಿಕೊಂಡು ಮುಖಕ್ಕೆ ಹಿಡಿದರಂತೆ. ಏನೂ ಬರಲಿಲ್ಲ.

"ಸ್ವೆಟರ್‌ನಲ್ಲಿ ಇಲ್ವೋ, ನನ್ನಲ್ಲಿ ಇಲ್ವೋ ಗೊತ್ತಾಗ್ಲಿಲ್ಲ," ಎಂದು ಅವರು ನನಗೆ ಹೇಳಿದ್ದು ಆರು ತಿಂಗಳ ಮೇಲೆ. "ಆಮೇಲೆ ಕಾಫಿಪುಡಿ ಡಬ್ಬಿ ತೆಗೆದು ನೋಡಿದೆ. ಅದೂ ಇಲ್ಲ. ಸದ್ಯ, ಕೆಟ್ಟಿರೋದು ನಾನು ಅಂತ ಸಮಾಧಾನ ಆಯ್ತು."

ಅವರು ಸ್ವೆಟರನ್ನು ಲ್ಯಾಬಿನ ದಪ್ಪ ಚೀಲದಲ್ಲಿಟ್ಟು, ಗಾಳಿ ತೆಗೆದು, ಬಾಯಿಗೆ ಕೆಂಪು ಟೇಪು ಹಾಕಿ, ಚೀಟಿಯಲ್ಲಿ ಹೆಂಡತಿಯ ಹೆಸರು, ತಾರೀಖು ಬರೆದು, ಬೇಸ್‌ಮೆಂಟಿನ ಫ್ರೀಜರಿನಲ್ಲಿ ಅವರೆಕಾಳಿಗೂ ತೆಂಗಿನ ತುರಿಗೂ ನಡುವೆ ಇಟ್ಟರು. ಮೂಗು ವಾಪಸ್ ಬಂದ ದಿನ ತೆಗೆಯುವುದು. ಅಲ್ಲಿಯವರೆಗೆ ಮುಟ್ಟುವುದಿಲ್ಲ. ಒಂದು ಸಲ ತೆಗೆದರೆ ಅಷ್ಟು ವಾಸನೆ ಹೋದಂತೆ. ಮೂಗು ಬಂದಿದೆ ಎಂಬ ಭ್ರಮೆಯಲ್ಲಿ ತೆಗೆದು, ಬಂದಿಲ್ಲವಾದರೆ, ಅದು ಯಾರಿಗೂ ಸಿಗದೆ ಹೋದಂತೆ. ಅವರಿಗೆ ಆಮೇಲೆ ಬದುಕಿನಲ್ಲಿ ಇದ್ದದ್ದು ಇದೊಂದೇ ಲೆಕ್ಕಾಚಾರ.

ಅವರ ಮನೆಯಲ್ಲಿ ಆರು ಹೊಗೆ ಅಲಾರಂಗಳಿದ್ದವು. ಫ್ರಿಜ್ಜಿನಲ್ಲಿದ್ದ ಪ್ರತಿ ಪಾತ್ರೆಗೂ ತಾರೀಖಿನ ಚೀಟಿ. ಆದರೂ ಒಂದು ದಿನ ನಮ್ಮ ಮನೆಯಲ್ಲಿ ನಾನು ಎಸೆಯಲೆಂದು ಪಕ್ಕಕ್ಕಿಟ್ಟಿದ್ದ ಹಳೆಯ ಮೊಸರನ್ನು ಕಲಸಿಕೊಂಡು ಎರಡು ತುತ್ತು ತಿಂದೇಬಿಟ್ಟಿದ್ದರು.

"ಡಾಕ್ಟ್ರೇ, ಊರವರ ಮೊಸರಿಗೆಲ್ಲ ಸರ್ಟಿಫಿಕೇಟ್ ಕೊಟ್ಟೋರು ನೀವು!" ಎಂದರು ನಮ್ಮವರು.

"ಮೆತ್ತಗಿತ್ತು, ಬೆಳ್ಳಗಿತ್ತು. ಇನ್ನೇನು ನೋಡ್ಬೇಕಿತ್ತು?" ಎಂದು ಬಾಯಿ ತೊಳೆಯಲು ಹೋದರು. ನಾವು ನಕ್ಕೆವು. ಅವರು ಬಚ್ಚಲಿನಿಂದ ಬರಲು ಸ್ವಲ್ಪ ಹೆಚ್ಚು ಹೊತ್ತು ತೆಗೆದುಕೊಂಡರು.

2022ರಲ್ಲಿ ನಾನೂ ನಮ್ಮವರೂ ವಿಯೆನ್ನಾ, ಪ್ರಾಗ್, ಇನ್ನೊಂದು ಊರು ನೋಡಿ ಬರುವುದೆಂದು ಟಿಕೆಟ್ ಮಾಡಿದ್ದೆವು. ಸರ್ ಒಂದು ಶನಿವಾರ ಬಂದು, ಯಾವತ್ತೂ ಇಲ್ಲದ ಸಂಕೋಚದಿಂದ, "ನಾನೂ ಬರ್ಲಾ? ನಿಮ್ಮ ಮ್ಯೂಸಿಯಂ, ಚರ್ಚು ಎಲ್ಲ ನೋಡ್ಕೊಳ್ಳಿ. ನಂಗೆ ದಿನಕ್ಕೆ ಅರ್ಧ ಗಂಟೆ ಸಾಕು," ಎಂದರು.

"ಅರ್ಧ ಗಂಟೇಲಿ ಏನ್ ಮಾಡ್ತೀರಿ?"

"ಫ್ರೆಂಚ್ ಫ್ರೈಸ್ ತಿನ್ನೋದು."

ಸರ್ ಮತ್ತು ಅವರ ಹೆಂಡತಿ ಯೂರೋಪನ್ನು ಮೊದಲು ಏಳೆಂಟು ಸಲ ಸುತ್ತಿದ್ದವರು. ಮೊದಲನೆಯ ಪ್ರವಾಸದಲ್ಲಿ ಯಾವುದೋ ಸೂಪಿನೊಳಗೆ ಏನೋ ತೇಲಿದ್ದನ್ನು ಕಂಡ ಆಕೆ, ಆಮೇಲೆ ಅಲ್ಲಿ ಅಮೆರಿಕದ ಬರ್ಗರ್ ಅಂಗಡಿ ಬಿಟ್ಟು ಬೇರೆಲ್ಲೂ ಉಣ್ಣಲಿಲ್ಲ. "ಅಲ್ಲಿ ಆಲೂಗಡ್ಡೆ ಆಲೂಗಡ್ಡೆ ಥರಾನೇ ಇರುತ್ತೆ" ಎನ್ನುವುದು ಆಕೆಯ ವಾದ. ಕೈಚೀಲದಲ್ಲಿ ಸಣ್ಣ ಸ್ಟೀಲ್ ಡಬ್ಬಿಯಲ್ಲಿ ಚಟ್ನಿಪುಡಿ. ಫ್ರೈಸ್ ಮೇಲೆ ಅದನ್ನು ಉದುರಿಸಿಕೊಂಡು, ಕಿಟಕಿಯ ಪಕ್ಕದ ಮೇಜಿನಲ್ಲಿ ಕೂತು, ಹೊರಗಿನ ಅರಮನೆಗಳನ್ನು ನೋಡುತ್ತ ತಿನ್ನುತ್ತಿದ್ದರಂತೆ. ಚಳಿಗೆ ಅದೇ ಬೂದು ಸ್ವೆಟರ್.

ಸರ್ ಯೋಚನೆ ಹೀಗಿತ್ತು. ತಮ್ಮ ಮೂಗೆಂಬ ಯಂತ್ರಕ್ಕೆ ಒಂದು ಕಂಟ್ರೋಲ್ ಬೇಕು. ಲೋಕದಲ್ಲಿ ಎಲ್ಲಿ ಹೋದರೂ ಒಂದೇ ಥರ ಇರುವ ವಾಸನೆ ಯಾವುದು? ಆ ಅಂಗಡಿಯ ಫ್ರೈಸ್. ಕೊಲಂಬಿಯಾದಲ್ಲೇ ನೋಡಬಹುದಿತ್ತು, ನೋಡಿದ್ದರು ಕೂಡ. ಆದರೆ ಅಮೆರಿಕದಲ್ಲಿ ಆ ಅಂಗಡಿಗೆ ಕಾರಿನಲ್ಲೇ ಹೋಗಬೇಕು. ಹೋಗುವ ಮೊದಲೇ ಎಲ್ಲಿಗೆ ಅಂತ ಗೊತ್ತಿರುತ್ತದೆ. "ಗೊತ್ತಾದ್ರೆ ಮುಗೀತು. ನೆನಪು ಪಕ್ಕದಲ್ಲಿ ಕೂತು ಮೂಗಿಗೆ ಉತ್ತರ ಹೇಳ್ಕೊಟ್ಬಿಡುತ್ತೆ, ಪರೀಕ್ಷೆ ಹಾಲ್‌ನಲ್ಲಿ ಹೇಳ್ಕೊಟ್ಟ ಹಾಗೆ," ಎಂದರು. ಯೂರೋಪಿನಲ್ಲಿ ಹಾಗಲ್ಲ. ಅಲ್ಲಿ ಆ ಅಂಗಡಿ ನಡೆದಾಡುವ ಬೀದಿಯಲ್ಲಿ, ಬ್ರೆಡ್ಡಿನ ಅಂಗಡಿಗೂ ಚಪ್ಪಲಿ ಅಂಗಡಿಗೂ ನಡುವೆ ಇರುತ್ತದೆ. ಗೊತ್ತಿಲ್ಲದ ಬೀದಿಯಲ್ಲಿ ಕಣ್ಣು ಮುಚ್ಚಿಕೊಂಡು ನಡೆಯುವುದು. ವಾಸನೆ ಬಂದ ಕಡೆ ಬೆರಳು ಎತ್ತುವುದು. ಮೂರು ಊರಿನಲ್ಲಿ ಎರಡು ಸಲ ಸರಿಯಾದರೆ ಫ್ರೀಜರ್ ತೆಗೆಯುವುದು.

"ಯೂರೋಪಿಗೆ ಹೋಗಿ ಫ್ರೈಸು. ಅದೂ ಕಣ್ಣು ಮುಚ್ಕೊಂಡು," ಎಂದು ನಮ್ಮವರು ಅವರು ಹೋದ ಮೇಲೆ ಗೊಣಗಿದರು. ಆದರೆ ಮಾರನೆಯ ದಿನ ಅವರೇ ಕೂತು ಸರ್‌ಗೆ ಟಿಕೆಟ್ ಮಾಡಿದರು.

ವಿಯೆನ್ನಾದಲ್ಲಿ ಸರ್ ನಮ್ಮವರ ಮೊಣಕೈ ಹಿಡಿದು ನಡೆದರು. ನಾನು ಎರಡು ಹೆಜ್ಜೆ ಹಿಂದೆ, ಕೈಯಲ್ಲಿ ಪುಸ್ತಕ. ಎಲ್ಲಿಗೆ ಹೋಗುತ್ತಿದ್ದೇವೆಂದು ನನಗೂ ಹೇಳಬಾರದೆಂದು ಸರ್ ಕಟ್ಟಪ್ಪಣೆ. ಮುದುಕರೊಬ್ಬರು ಕಣ್ಣು ಮುಚ್ಚಿ, ಮುಖ ತುಸು ಮೇಲಕ್ಕೆತ್ತಿ, ಮೂಗಿನ ಹೊಳ್ಳೆ ಅರಳಿಸಿಕೊಂಡು ಬೀದಿಯಲ್ಲಿ ನಡೆಯುತ್ತಿದ್ದರೆ ಜನ ದಾರಿ ಬಿಡುತ್ತಾರೆ. ಬಿಟ್ಟವರು ಸ್ವಲ್ಪ ಹೆಚ್ಚಾಗಿಯೇ ದೂರ ಸರಿಯುತ್ತಾರೆ. ಅಂಗಡಿಯ ಬಾಗಿಲ ಮುಂದೆ ಮೂರು ಸಲ ಹಾದುಹೋದೆವು. ಕರಿದ ಎಣ್ಣೆಯ ಬಿಸಿ ನನ್ನ ಮುಖಕ್ಕೇ ಹೊಡೆಯುತ್ತಿತ್ತು. ಬೆರಳು ಏಳಲಿಲ್ಲ. ಪುಸ್ತಕದಲ್ಲಿ "ಇಲ್ಲ" ಎಂದು ಬರೆದೆ.

ಒಳಗೆ ಹೋಗಿ ಕೂತೆವು. ಅವರು ಒಂದೊಂದೇ ಕಡ್ಡಿ ಮುರಿದು ಬಾಯಿಗಿಟ್ಟು, "ಉಪ್ಪಿದೆ. ಬಿಸಿ ಇದೆ," ಎಂದರು.

"ಡಾಕ್ಟ್ರೇ, ಸಮುದ್ರ ದಾಟಿ ಬಂದು ಕೊಲಂಬಿಯಾದ ಆಲೂಗಡ್ಡೇನೇ ತಿಂತಿದ್ದೀವಲ್ಲ!"

"ಅದೇ ಆಗಿರ್ಬೇಕು ಕಣಯ್ಯ. ಬೇರೆ ಆಗಿದ್ರೆ ಬಂದಿದ್ದೇ ದಂಡ."

ನಿಜಕ್ಕೂ ಎಲ್ಲವೂ ಅದೇ. ಅದೇ ಕುರ್ಚಿ, ಅದೇ ತಟ್ಟೆ, ಒಳಗೆಲ್ಲೋ ಅದೇ ಕಂಠದಲ್ಲಿ ಬೀಪ್ ಎನ್ನುವ ಯಂತ್ರ. ಹತ್ತು ನಿಮಿಷ ಕೂತ ಮೇಲೆ ನಾನು ಕಿಟಕಿಯತ್ತ ತಿರುಗಿದಾಗ ಹೊರಗೆ ಪಾರ್ಕಿಂಗ್ ಜಾಗ, ಅದರಲ್ಲಿ ನನ್ನ ನೀಲಿ ಕಾರು ಕಾಣಬೇಕೆಂದು ಕಣ್ಣು ಸಿದ್ಧವಾಗಿಯೇ ಇತ್ತು. ಟ್ರಾಮ್ ಹೋಯಿತು. ಆ ಟ್ರಾಮ್ ಅಲ್ಲಿ ಇರಬಾರದು ಅನ್ನಿಸಿತು. ಎದುರಿಗೆ ಸರ್ ತಮ್ಮ ಪಕ್ಕದ ಖಾಲಿ ಕುರ್ಚಿಯನ್ನು ಮೇಜಿನಿಂದ ತುಸು ಹೊರಗೆ ಎಳೆದಿಟ್ಟಿದ್ದರು, ಯಾರೋ ಕೈ ತೊಳೆಯಲು ಹೋಗಿದ್ದಾರೆ ಎಂಬ ಹಾಗೆ. ಯಾವಾಗ ಎಳೆದರೋ ನಾನು ನೋಡಿರಲಿಲ್ಲ.

ಪ್ರಾಗ್‌ನಲ್ಲಿ ಎರಡನೆಯ ದಿನ, ಬೆಳಿಗ್ಗೆ ಹನ್ನೊಂದರ ಸುಮಾರು. ಮಂಜು ಇನ್ನೂ ಎದ್ದಿರಲಿಲ್ಲ. ನಮ್ಮವರು ಚೌಕದ ಆಚೆಯ ಅಂಗಡಿಗೆಂದು ಹೊರಟು, ಮೊಬೈಲಿನಲ್ಲಿ ಹತ್ತಿರದ ದಾರಿ ಕಂಡಿತೆಂದು ಒಂದು ಓಣಿಗೆ ತಿರುಗಿದರು. ಕಲ್ಲು ಹಾಸಿದ ಇಕ್ಕಟ್ಟಾದ ಓಣಿ. ನಮ್ಮ ಮೂವರ ಹೆಜ್ಜೆ ಬಿಟ್ಟರೆ ಬೇರೆ ಸದ್ದಿಲ್ಲ. ಅರ್ಧ ದಾರಿಯಲ್ಲಿ ಸರ್ ನಿಂತುಬಿಟ್ಟರು. ಬಲಗೈ ಬೆರಳು ಎದ್ದಿತು.

"ಬಂತು," ಎಂದರು.

ನಾನು ಪುಸ್ತಕ ತೆರೆದೆ.

"ಬಿಸಿ ಎಣ್ಣೆ. ಉಪ್ಪು. ಅದರ ಹಿಂದೆ... ಕೊಬ್ಬರಿ ಎಣ್ಣೆ." ಕಣ್ಣು ಮುಚ್ಚಿಯೇ ಇತ್ತು. ಆ ಮುಖದಲ್ಲಿ ಅಂಥ ಸಂತೋಷವನ್ನು ನಾನು ಎರಡು ವರ್ಷದಿಂದ ಕಂಡಿರಲಿಲ್ಲ. "ಎಡಗಡೆ. ಎಡಗಡೆ ಇದೆ ಅಲ್ವಾ? ಬರ್ಕೋ."

ನಾನು ಎಡಗಡೆ ನೋಡಿದೆ. ಅದೇ ಬರ್ಗರ್ ಕಂಪನಿಯ ಇನ್ನೊಂದು ಅಂಗಡಿ. ಆದರೆ ಮುಚ್ಚಿ ಬಹಳ ಕಾಲವಾಗಿತ್ತು. ಬೋರ್ಡು ಕಿತ್ತ ಕಡೆ ಗೋಡೆಯ ಮೇಲೆ ಅದರ ಆಕಾರ ಬಿಳಿಚಿಕೊಂಡು ನಿಂತಿತ್ತು. ಗಾಜಿನ ಮೇಲೆ ಧೂಳು, ಅಲ್ಲಲ್ಲಿ ಅಂಟಿಸಿದ ಹಳೆಯ ಕಾಗದ. ಕಾಗದದ ಸಂದಿಯಲ್ಲಿ ಇಣುಕಿದರೆ ಒಳಗೆ ಕತ್ತಲು. ಕುರ್ಚಿಗಳನ್ನೆಲ್ಲ ತಲೆಕೆಳಗು ಮಾಡಿ ಮೇಜುಗಳ ಮೇಲೆ ಏರಿಸಿದ್ದರು. ನನ್ನ ಮೂಗಿಗೆ ಒದ್ದೆ ಕಲ್ಲಿನ ವಾಸನೆ ಬಿಟ್ಟರೆ ಏನೂ ಇಲ್ಲ.

ನಮ್ಮವರು ನನ್ನನ್ನೇ ನೋಡುತ್ತಿದ್ದರು. ಹೂಂ ಅನ್ನು, ಎಂದು ಕಣ್ಣಲ್ಲೇ ಬೇಡಿದರು. ಅಂದಿದ್ದರೆ ಆಗುತ್ತಿತ್ತು. ಆದರೆ ಅಂದರೆ, ಮುಂದಿನ ಊರಲ್ಲೂ ಹೀಗೇ ಆದರೆ, ಅವರು ಊರಿಗೆ ಹೋಗಿ ಚೀಲ ತೆಗೆಯುತ್ತಾರೆ, ತೆಗೆದು ಮುಖಕ್ಕೆ ಹಿಡಿದಾಗ ಏನೂ ಇರುವುದಿಲ್ಲ.

"ಸರ್, ಅಂಗಡಿ ಮುಚ್ಚಿದೆ," ಎಂದೆ. "ತುಂಬ ದಿನ ಆಗಿರೋ ಹಾಗಿದೆ. ವಾಸನೆ ಏನೂ ಇಲ್ಲ."

ಅವರು ಕಣ್ಣು ತೆರೆಯಲಿಲ್ಲ. ತೀರಾ ಸಹಜವಾಗಿ, "ಕಿಟಕಿ ಪಕ್ಕದ ಮೇಜಲ್ಲಿ ಎರಡು ಕುರ್ಚಿ ಕೆಳಗಿದೆಯಾ ನೋಡು," ಎಂದರು.

ನಾನು ಬಗ್ಗಿ ಇನ್ನೊಂದು ಸಂದಿಯಿಂದ ನೋಡಿದೆ. ಕಿಟಕಿಯ ಪಕ್ಕದ ಒಂದು ಮೇಜಿನಲ್ಲಿ ಮಾತ್ರ ಕುರ್ಚಿ ಏರಿಸಿರಲಿಲ್ಲ. ಎರಡೂ ಕೆಳಗಿದ್ದವು, ಎದುರುಬದುರು. ಅದರಲ್ಲೊಂದು ಮೇಜಿನಿಂದ ತುಸು ಹೊರಗೆ ಎಳೆದ ಹಾಗಿತ್ತು.

"ಇದೆ ಸರ್," ಎಂದೆ. ನಮ್ಮವರು ಅವರ ಹಿಡಿತದಿಂದ ಮೊಣಕೈ ಮೆಲ್ಲಗೆ ಬಿಡಿಸಿಕೊಂಡದ್ದು ಕಂಡಿತು.

ಆಗ ಅವರು ಕಣ್ಣು ಬಿಟ್ಟರು. ಅಂಗಡಿಯನ್ನು ನೋಡಿದರು. ಆಶ್ಚರ್ಯಪಡಲಿಲ್ಲ. "ಇಲ್ಲದ್ದನ್ನ ಇದೆ ಅಂದೆ. ತಪ್ಪು ಉತ್ತರ. ಹಾಗೇ ಬರ್ಕೋ," ಎಂದು ಮುಂದೆ ನಡೆದರು. ಪ್ರಯೋಗ ಅಲ್ಲಿಗೆ ಮುಗಿಯಿತು. ಮೂರನೆಯ ಊರಿನ ಮಾತು ಅವರು ಎತ್ತಲಿಲ್ಲ.

"ಕಳ್ಳ, ರೆಪ್ಪೆ ಸಂದೀಲಿ ನೋಡಿರ್ತಾರೆ," ಎಂದರು ನಮ್ಮವರು, ಹೋಟೆಲಿನ ಕೋಣೆಯಲ್ಲಿ. ಇರಬಹುದು. ಹಿಂದೆ ಯಾವತ್ತೋ ಇಬ್ಬರೂ ಅಲ್ಲಿ ಕೂತು ತಿಂದಿರಬಹುದು. ಆದರೆ ಕಾಗದ ಅಂಟಿಸಿದ ಗಾಜಿನೊಳಗಿನದನ್ನು ನಾನು ಬಗ್ಗಿ ನೋಡಬೇಕಾಯಿತು. ನಮ್ಮವರು ಆಮೇಲೆ ಆ ಮಾತು ಎತ್ತಿದಾಗಲೆಲ್ಲ ನಾನು ಬೇರೆ ಏನಾದರೂ ಹೇಳಿಬಿಡುತ್ತೇನೆ.

ಊರಿಗೆ ಬಂದ ಮೇಲೆ ನಾನು ಶನಿವಾರ ಶನಿವಾರ ಅವರ ಮನೆಗೆ ಹೋಗಿ ಅವರ ಮೂಗಿನ ಕೆಲಸ ಮಾಡಿಕೊಡುತ್ತಿದ್ದೆ. ಹಾಲು ಕೆಟ್ಟಿದೆಯಾ, ಬೇಳೆ ಮುಗ್ಗಿದೆಯಾ, ಅಂಗಿಗೆ ಇನ್ನೊಂದು ಒಗೆತ ಬೇಕಾ. ಎಲ್ಲ ಮುಗಿದ ಮೇಲೆ ಕಾಫಿ. ಅದನ್ನು ಅವರು ಬಿಸಿನೀರಿನ ಹಾಗೆ ಕುಡಿಯುತ್ತಿದ್ದರು. ಒಂದು ಸಲ ಧೈರ್ಯ ಮಾಡಿ ಕೇಳಿದೆ:

"ಸರ್, ಆ ಚೀಲ ನಾನೇ ಒಂದ್ಸಲ ತೆಗೆದು ನೋಡಿ ಹೇಳ್ಲಾ?"

"ನೀನು ಏನು ಹೇಳ್ತೀಯಾ? ಅವಳ ತಲೆಯ ಕೊಬ್ಬರಿ ಎಣ್ಣೆ, ಚಟ್ನಿಪುಡಿ ಅಂತೀಯಾ. ಅದು ನಂಗೆ ಗೊತ್ತು."

"ಮಗಳಿಗಾದ್ರೂ..."

"ಅವಳಿಗೆ ಹೇಳ್ಬೇಡ." ದನಿ ಒಮ್ಮೆಲೇ ಲ್ಯಾಬಿನದಾಯಿತು. "ಬಂದ ನಿಮಿಷಕ್ಕೆ ಹರಿದು ತೆಗೆದ್ಬಿಡ್ತಾಳೆ. ಅವಳಿಗೆ ಏನು, ಅಳು ಬಂದ್ರೆ ಆಯ್ತು."

ನಾನು ಹೇಳಲಿಲ್ಲ. ಮಗಳು ವರ್ಷಕ್ಕೆರಡು ಸಲ ಡುಲುತ್‌ನಿಂದ ಬಂದು, ಅದೇ ಫ್ರೀಜರಿನಿಂದ ಅವರೆಕಾಳು ತೆಗೆದು ಹುಳಿ ಮಾಡಿಟ್ಟು ಹೋಗುತ್ತಿದ್ದಳು. ಆ ದಿನಗಳಲ್ಲಿ ಸರ್ ಚೀಲವನ್ನು ತಳದಲ್ಲಿ, ಐಸಿನ ಟ್ರೇಗಳ ಕೆಳಗೆ ಇಡುತ್ತಿದ್ದರು.

ಅವರು ಹೋಗಿ ಎರಡು ವಾರಕ್ಕೆ ಮಗಳು ಫೋನ್ ಮಾಡಿದಳು. "ಆಂಟಿ, ಬೇಸ್‌ಮೆಂಟ್ ಕ್ಲೀನ್ ಮಾಡ್ತಿದ್ದೀನಿ. ಫ್ರೀಜರ್‌ನಲ್ಲಿ ಒಂದು ಬ್ಯಾಗ್ ಇದೆ. ಲ್ಯಾಬ್ ಸ್ಯಾಂಪಲ್ ಥರ. ಆದ್ರೆ ಅದರ ಮೇಲೆ ಅಮ್ಮನ ನೇಮ್ ಇದೆ. ವಾಟ್ ಈಸ್ ಇಟ್?"

ಹೋದೆ. ಚೀಲವನ್ನು ಬಟ್ಟೆ ಒಗೆಯುವ ಯಂತ್ರದ ಮೇಲೆ ಇಟ್ಟುಕೊಂಡು ನಿಂತಿದ್ದಳು. ನಿಂತಲ್ಲೇ ಎಲ್ಲ ಹೇಳಿದೆ: ಕುರ್ಚಿಯ ಮೇಲಿದ್ದ ಸ್ವೆಟರ್, ಕಂಟ್ರೋಲ್, ಫ್ರೈಸ್, ಹೇಳಬೇಡ ಅಂದದ್ದು. ಪ್ರಾಗಿನ ಓಣಿಯನ್ನು ಮಾತ್ರ ಹೇಳಲಿಲ್ಲ.

ಅವಳು ಚೀಟಿಯನ್ನು ಮತ್ತೊಮ್ಮೆ ಓದಿದಳು. ಆಮೇಲೆ, "ಅಪ್ಪಂಗೆ ಸ್ಮೆಲ್ ಬರ್ತಿರ್ಲಿಲ್ಲ. ನಂಗೆ ಬರುತ್ತಲ್ವಾ, ಆಂಟಿ?" ಎಂದಳು. "ಫೋರ್ ಇಯರ್ಸ್‌ಗಿಂತ ಜಾಸ್ತಿ. ನಾನು ಇಲ್ಲೇ ಬಂದು ಅಡುಗೆ ಮಾಡ್ತಿದ್ದೆ. ನಿಮ್ಗೂ ಗೊತ್ತಿತ್ತು. ಯಾರೂ ನಂಗೆ ಹೇಳ್ಲಿಲ್ಲ."

"ತಪ್ಪಾಯ್ತಮ್ಮ," ಎಂದೆ.

"ತೆಗೀರಿ," ಎಂದಳು. "ನೀವೇ ತೆಗೀರಿ. ನಿಮ್ಗೆ ಇದು ಗೊತ್ತಿರೋ ಕೆಲ್ಸ."

ಅಭ್ಯಾಸಬಲದಿಂದ ಟೇಪನ್ನು ಹೆಬ್ಬೆರಳಿನಿಂದ ಸವರಿದೆ. ತೀರಾ ದಪ್ಪವಾಗಿತ್ತು. ಕತ್ತರಿಯ ತುದಿಯಿಂದ ಎಬ್ಬಿಸಿದರೆ ಅದರ ಕೆಳಗೆ ಇನ್ನೊಂದು ಟೇಪು, ಅದರ ಕೆಳಗೆ ಇನ್ನೊಂದು. ಪ್ರತಿಯೊಂದನ್ನೂ ಒಮ್ಮೆ ಕೊಯ್ದು, ಅದರ ಮೇಲೆಯೇ ಹೊಸದು ಅಂಟಿಸಿದ್ದರು. ಎಷ್ಟೋ ಪದರ. ಎಲ್ಲಕ್ಕಿಂತ ಕೆಳಗಿನದರ ಮೇಲೆ ಮಾತ್ರ ತಾರೀಖು. ಹಾಲಿನ ಪಾತ್ರೆಗೂ ತಾರೀಖು ಬರೆಯುತ್ತಿದ್ದ ಮನುಷ್ಯ, ಮಿಕ್ಕ ಯಾವುದರ ಮೇಲೂ ಏನೂ ಬರೆದಿರಲಿಲ್ಲ.

ಚೀಲ ತೆರೆದು ಅವಳ ಕೈಗೆ ಕೊಟ್ಟೆ.

ಅವಳು ಸ್ವೆಟರನ್ನು ಎರಡು ಕೈಯಲ್ಲೂ ಎತ್ತಿ ಕತ್ತಿನ ಪಟ್ಟಿಗೆ ಮುಖ ಒತ್ತಿದಳು. ಉಸಿರೆಳೆದಳು. ಮತ್ತೆ ಎಳೆದಳು. ತಲೆಯೆತ್ತಿದಾಗ ಅವಳ ಮುಖ ಗೊಂದಲದಲ್ಲಿತ್ತು. ತೋಳನ್ನು ಮೂಸಿದಳು, ಮತ್ತೆ ಕತ್ತಿಗೇ ಬಂದಳು.

"ಇದು ಅಮ್ಮ ಅಲ್ಲ," ಎಂದಳು.

"ವಾಸನೆ ಇಲ್ವಾ?"

"ಇದೆ. ತುಂಬಾ ಇದೆ. ಆದ್ರೆ ಇದು ಅಮ್ಮ ಅಲ್ಲ, ಆಂಟಿ." ಮತ್ತೊಮ್ಮೆ ಕತ್ತಿನ ಪಟ್ಟಿಗೆ ಮೂಗು ಒತ್ತಿದಳು. "ಅಪ್ಪ. ಅಪ್ಪನ ಶೇವಿಂಗ್ ಸೋಪ್. ಅಪ್ಪನ ತಲೆ. ಚಿಕ್ಕೋಳಿದ್ದಾಗ ಅಪ್ಪ ಭುಜದ ಮೇಲೆ ಕೂರಿಸ್ಕೊಂಡ್ರೆ ಹೀಗೇ..."

ಪಕ್ಕದಲ್ಲಿ ಫ್ರೀಜರಿನ ಮೋಟರು ಒಮ್ಮೆ ಗುರ್ ಎಂದು ಶುರುವಾಯಿತು. ಇಬ್ಬರೂ ಬೆಚ್ಚಿದೆವು. ಎಷ್ಟು ಮಧ್ಯಾಹ್ನ, ಎಷ್ಟು ಬೆಳಗು ಆ ಮನುಷ್ಯ ಈ ಮೆಟ್ಟಿಲಿಳಿದು ಬಂದು, ಇದೇ ಜಾಗದಲ್ಲಿ ನಿಂತು, ಏನೂ ಹೇಳದ ಬಟ್ಟೆಯೊಳಗೆ ಮುಖವಿಟ್ಟು ಉಸಿರೆಳೆದಿರಬೇಕು. ಎಳೆದಷ್ಟೂ ಬಿಟ್ಟಿರಬೇಕು. ಕೊನೆಗೆ ಅದರಲ್ಲಿ ಅವರೇ ಉಳಿದಿದ್ದರು, ಅದು ಅವರಿಗೆ ತಿಳಿದಿರಲಿಲ್ಲ.

ಅವಳಿಗೆ ಏನನ್ನಿಸಿತೋ, ಥಟ್ಟನೆ ಸ್ವೆಟರನ್ನು ಚೀಲದೊಳಕ್ಕೆ ತುರುಕಿದಳು.

"ಕ್ಲೋಸ್ ಮಾಡಿ ಆಂಟಿ. ಬೇಗ. ಸ್ಮೆಲ್ ಹೋಗ್ಬಾರ್ದು. ಟೇಪ್ ಎಲ್ಲಿ?"

ಟೇಪು ಫ್ರೀಜರಿನ ಪಕ್ಕದ ಮೊಳೆಗೆ ನೇತುಹಾಕಿತ್ತು. ಗಾಳಿ ಒತ್ತಿ ತೆಗೆದು, ಬಾಯಿ ಮಡಿಸಿ, ಕೆಂಪು ಟೇಪು ಎಳೆದು ಅಂಟಿಸಿದೆ. ಹೊಸ ಟೇಪಿನ ಮೇಲೆ ಆ ದಿನದ ತಾರೀಖು ಬರೆದೆ. ಚೀಟಿ ಹಳೆಯದೇ ಇತ್ತು, ಅದರ ಮೇಲೆ ಅವರ ಅಕ್ಷರದಲ್ಲಿ ಆಕೆಯ ಹೆಸರು. ಪೆನ್ನು ಹಿಡಿದುಕೊಂಡೇ ಕೇಳಿದೆ, "ಹೆಸರು ಬದಲಾಯಿಸ್ಲಾ?"

ಅವಳು ಆಗಲೇ ಐಸಿನ ಟ್ರೇಗಳನ್ನು ಸರಿಸಿ ತಳದಲ್ಲಿ ಜಾಗ ಮಾಡುತ್ತಿದ್ದಳು. "ಬೇಡ," ಎಂದಳು, ತಿರುಗಿ ನೋಡದೆ. "ಅಮ್ಮನ ಹೆಸರೇ ಇರ್ಲಿ. ಅಪ್ಪ ಒಳಗೇ ಇದ್ದಾರಲ್ಲ."